ಉರ್ಸುಲೈನ್ ಧರ್ಮಭಗಿನಿಯರು

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣವನ್ನೇ ಬದುಕಿನ ಕೆಲಸವಾಗಿ ಕೈಗೆತ್ತಿಕೊಂಡ ಸನ್ಯಾಸಿನೀ ಸಂಘಗಳ ಪೈಕಿ ಬಹು ಹಳೆಯ ಕುಟುಂಬ. ಇಟಲಿಯ ಬ್ರೆಶಿಯಾ ನಗರದಲ್ಲಿ 1535ರಲ್ಲಿ ಏಂಜೆಲಾ ಮೆರಿಚಿ ಕಟ್ಟಿದ ಸಂತ ಉರ್ಸುಲಾ ಕೂಟ ಇವರೆಲ್ಲರ ಮೂಲ. ಕುಟುಂಬ ಎನ್ನಲು ಕಾರಣವಿದೆ. ಉರ್ಸುಲೈನ್ ಎಂಬ ಒಂದೇ ಸಂಸ್ಥೆ ಎಂದೂ ಇರಲಿಲ್ಲ. ಊರೂರಿಗೆ ಬೇರೆ ಮಠ, ಬೇರೆ ನಿಯಮ, ಬೇರೆ ಉಡುಪು. ಹೆಸರು ಮತ್ತು ಮೂಲತಾಯಿ ಮಾತ್ರ ಒಂದೇ. ಕೆಲವರು ಕಟ್ಟುನಿಟ್ಟಾದ ಮಠವಾಸಿಗಳು, ಕೆಲವರು ಮನೆಯಲ್ಲೇ ಇದ್ದು ವ್ರತ ಪಾಲಿಸುವವರು. ಕೆನಡಾ, ಅಮೆರಿಕ, ಜಾವಾ, ಛೋಟಾನಾಗಪುರ, ಮಂಗಳೂರು ಎಂದು ಇವರ ಹೆಸರು ಹರಡಿದೆ.

ಈ ಚರಿತ್ರೆಯನ್ನು ಒಂದು ಎಳೆ ಹಿಡಿದು ಹೇಳಬೇಕೆಂದರೆ ಗೋಡೆಯ ವಿಚಾರವನ್ನು ಹಿಡಿಯಬೇಕು. ಏಂಜೆಲಾ ಕಟ್ಟಿದ್ದು ಗೋಡೆಯೇ ಇಲ್ಲದ ಕೂಟ. ಆಕೆ ತೀರಿಕೊಂಡು ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಆಕೆಯ ಹೆಸರಿನ ಸ್ತ್ರೀಯರು ಎತ್ತರದ ಗೋಡೆಗಳ ಒಳಗೆ ಸೇರಿದರು. ಅವರನ್ನು ಲೋಕದಿಂದ ದೂರವಿಡಲು ಎದ್ದ ಆ ಗೋಡೆಗಳ ಒಳಗೇ ಯುರೋಪಿನ ಮೊದಲ ವ್ಯವಸ್ಥಿತ ಹೆಣ್ಣುಮಕ್ಕಳ ಶಾಲೆಗಳ ಪೈಕಿ ಹಲವು ಬೆಳೆದವು. ಮುಂದಿನ ಮೂರು ಶತಮಾನಗಳು ಮಠದ ಬಾಗಿಲನ್ನು ಎಷ್ಟು ತೆರೆಯಬೇಕು, ಯಾರಿಗೆ ತೆರೆಯಬೇಕು ಎಂಬ ಜಗ್ಗಾಟದಲ್ಲಿ ಕಳೆದವು.

ಏಂಜೆಲಾ ಮೆರಿಚಿ ಮತ್ತು ಬ್ರೆಶಿಯಾದ ಕೂಟ

ಏಂಜೆಲಾ ಹುಟ್ಟಿದ್ದು ಗಾರ್ಡಾ ಸರೋವರದ ದಂಡೆಯ ದೆಸೆನ್ಸಾನೊ ಎಂಬ ಊರಿನಲ್ಲಿ, ಸುಮಾರು 1474ರಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡು ಸಾಲೊ ಎಂಬ ಊರಿನ ಸೋದರಮಾವನ ಮನೆಯಲ್ಲಿ ಬೆಳೆದಳು. ಅಸಿಸಿಯ ಸಂತ ಫ್ರಾನ್ಸಿಸನ ಮೂರನೆಯ ಸಭೆಗೆ, ಎಂದರೆ ಸಂಸಾರಸ್ಥರ ನಡುವೆಯೇ ಇದ್ದು ವ್ರತನಿಷ್ಠೆಯಿಂದ ಬಾಳುವವರ ಸಭೆಗೆ, ಸೇರಿದಳು. 1516ರಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡಿದ್ದ ಕಾತೆರಿನಾ ಪಾತೆಂಗೋಲಾ ಎಂಬ ವಿಧವೆಗೆ ಜೊತೆಯಾಗಿರಲು ಫ್ರಾನ್ಸಿಸ್ಕನ್ ಗುರುಗಳು ಆಕೆಯನ್ನು ಬ್ರೆಶಿಯಾಕ್ಕೆ ಕಳಿಸಿದರು.

ಆಗಿನ ಬ್ರೆಶಿಯಾ ಗಾಯಗೊಂಡ ಊರು. ನಾಲ್ಕು ವರ್ಷ ಹಿಂದೆ, 1512ರಲ್ಲಿ, ಫ್ರೆಂಚ್ ಸೈನ್ಯ ಅದನ್ನು ಕೊಳ್ಳೆ ಹೊಡೆದು ಸಾವಿರಾರು ಜನರನ್ನು ಕೊಂದಿತ್ತು. ವಿಧವೆಯರು, ಅನಾಥ ಹುಡುಗಿಯರು, ಊಟ ಬಟ್ಟೆಗಾಗಿ ಇನ್ನೊಬ್ಬರ ಮನೆ ಚಾಕರಿಗೆ ಸೇರಿದ ಬಾಲೆಯರು ಊರ ತುಂಬ ಇದ್ದರು. ಏಂಜೆಲಾಳ ಕೆಲಸ ಶುರುವಾದದ್ದು ಇವರ ನಡುವೆ. ಜನ ಬುದ್ಧಿ ಕೇಳಲು, ಜಗಳ ಬಗೆಹರಿಸಿಕೊಳ್ಳಲು ಆಕೆಯ ಬಳಿಗೆ ಬರುತ್ತಿದ್ದರು. 1524ರಲ್ಲಿ ಪವಿತ್ರ ನಾಡಿಗೆ ಯಾತ್ರೆ ಹೊರಟಾಗ ಕ್ರೀಟ್ ದ್ವೀಪದಲ್ಲಿ ಕಣ್ಣು ಕಾಣದಂತಾಯಿತೆಂದೂ, ಕಾಣದ ಕಣ್ಣಿನಲ್ಲೇ ಯಾತ್ರೆ ಮುಗಿಸಿ ಮರಳುವಾಗ ಅದೇ ದ್ವೀಪದಲ್ಲಿ ದೃಷ್ಟಿ ಬಂತೆಂದೂ ಆಕೆಯ ಚರಿತ್ರಕಾರರು ಬರೆಯುತ್ತಾರೆ. ಮರುವರ್ಷ ರೋಮಿಗೆ ಹೋದಾಗ ಪೋಪ್ ಏಳನೆಯ ಕ್ಲೆಮೆಂಟ್ ಅಲ್ಲೇ ನಿಲ್ಲುವಂತೆ ಕೇಳಿಕೊಂಡರೂ ಒಪ್ಪದೆ ಬ್ರೆಶಿಯಾಕ್ಕೆ ಹಿಂದಿರುಗಿದಳು.

1535ರ ನವೆಂಬರ್ 25ರಂದು, ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳ ಹಬ್ಬದ ದಿನ, ಸಂತ ಆಫ್ರಾ ಚರ್ಚಿನ ಹತ್ತಿರದ ಪುಟ್ಟ ಮನೆಯಲ್ಲಿ 28 ಯುವತಿಯರು ಏಂಜೆಲಾಳೊಂದಿಗೆ ಸೇರಿ ಕೂಟವನ್ನು ಆರಂಭಿಸಿದರು. ಕೂಟಕ್ಕೆ ಇಟ್ಟುಕೊಂಡ ಹೆಸರು ಸಂತ ಉರ್ಸುಲಾಳದು. ಹನ್ನೊಂದು ಸಾವಿರ ಕನ್ಯೆಯರ ಮುಂದಾಳಾಗಿ ಹೊರಟು ಕಲೋನ್ ನಗರದಲ್ಲಿ ಅವರೊಂದಿಗೆ ಪ್ರಾಣಕೊಟ್ಟ ರಾಜಕುಮಾರಿಯೆಂದು ಐತಿಹ್ಯ ಹಾಡುವ ಈ ಸಂತಳು ಆಗಿನ ಯುರೋಪಿನಲ್ಲಿ ಬಹಳ ಜನಪ್ರಿಯಳು. ಬ್ರೆಶಿಯಾವನ್ನು ಆಳುತ್ತಿದ್ದ ವೆನಿಸ್ ನಗರದಲ್ಲಿ ಕಾರ್ಪಾಚೊ ಈ ಕಥೆಯನ್ನು ದೊಡ್ಡ ಚಿತ್ರಮಾಲೆಯಾಗಿ ಬರೆದು ಆಗ ನಾಲ್ಕು ದಶಕ ಕಳೆದಿತ್ತು. ಹೆಣ್ಣೊಬ್ಬಳು ಹೆಣ್ಣುಗಳ ಪಡೆಯನ್ನು ನಡೆಸಿದ ಕಥೆ ಎಂಬುದು ಏಂಜೆಲಾಳ ಆಯ್ಕೆಗೆ ಕಾರಣವಾಗಿದ್ದರೆ ಅಚ್ಚರಿಯಿಲ್ಲ.

ಕೂಟದ ಕಟ್ಟಳೆಗಳು ಆ ಕಾಲಕ್ಕೆ ತೀರಾ ಹೊಸವು. ಹೆಣ್ಣಿಗೆ ಇದ್ದ ದಾರಿ ಎರಡೇ: ಮದುವೆ, ಇಲ್ಲವೇ ಮಠ. ಎರಡಕ್ಕೂ ತವರಿನಿಂದ ಇಡುಗಂಟು ಬೇಕು. ಬಡ ನೇಕಾರನ ಮಗಳಿಗೆ, ಮನೆಗೆಲಸದ ಹುಡುಗಿಗೆ ಎರಡೂ ದೂರ. ಏಂಜೆಲಾ ಮೂರನೆಯ ದಾರಿ ತೆಗೆದಳು. ಕೂಟದವರು ತಮ್ಮ ಮನೆಯಲ್ಲೋ ಕೆಲಸಕ್ಕಿದ್ದ ಮನೆಯಲ್ಲೋ ಇರುತ್ತಿದ್ದರು. ಸನ್ಯಾಸದ ಉಡುಪಿಲ್ಲ, ಬಹಿರಂಗ ವ್ರತಸ್ವೀಕಾರವಿಲ್ಲ, ಇಡುಗಂಟಿಲ್ಲ. ಕನ್ಯೆಯರಾಗಿ ಉಳಿದು ದೇವರಿಗೆ ಮೀಸಲಾಗುವ ನಿಶ್ಚಯವೊಂದೇ ಸಾಕು. ಊರಿನ ಗಣ್ಯ ವಿಧವೆಯರು ಇವರಿಗೆ ತಾಯಂದಿರಂತೆ ನಿಂತು ಯೋಗಕ್ಷೇಮ ನೋಡುತ್ತಿದ್ದರು. ಕೋರ್ಟು ಕಚೇರಿಯ ವ್ಯವಹಾರ ಬಂದರೆ ಕೂಟದ ಪರವಾಗಿ ನಿಲ್ಲಲು ನಾಲ್ವರು ಪ್ರಾಮಾಣಿಕ ಗಂಡಸರನ್ನು ನೇಮಿಸಬೇಕೆಂದು ನಿಯಮದಲ್ಲೇ ಬರೆಸಿದಳು. ತನಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಕೇಳುವವರಿಲ್ಲದ ಹುಡುಗಿಗೆ ಈ ಏರ್ಪಾಡು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಈ ನಿಯಮಗಳನ್ನೂ ಉಪದೇಶಗಳನ್ನೂ ಮರಣಶಾಸನದಂಥ ಕೊನೆಯ ಮಾತುಗಳನ್ನೂ ಏಂಜೆಲಾ ಹೇಳಿ ಬರೆಸಿದವಳು. ಬರೆದುಕೊಂಡವನು ಗಾಬ್ರಿಯೇಲೆ ಕೊಟ್ಸಾನೊ ಎಂಬ ಕಾರ್ಯದರ್ಶಿ. ಮುಖಂಡತಿಯರಿಗೆ ಆಕೆ ಹೇಳಿದ ಮಾತುಗಳಲ್ಲಿ ಎರಡು ಮುಖ್ಯ. ಒಂದು, ಹುಡುಗಿಯರನ್ನು ಗದರಿಕೆಯಿಂದಲ್ಲ, ಮಮತೆಯಿಂದ ಗೆಲ್ಲಬೇಕು. ಒಬ್ಬೊಬ್ಬಳನ್ನೂ ಅವಳ ಹೆಸರು ಮಾತ್ರವಲ್ಲ, ಅವಳ ಸ್ವಭಾವ, ಸ್ಥಿತಿಗತಿ ಸಮೇತ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು, ಕಾಲ ಬದಲಾಗಿ ಹೊಸ ಏರ್ಪಾಡು ಬೇಕೆನಿಸಿದರೆ ತಿಳಿದವರ ಸಲಹೆ ಪಡೆದು ವಿವೇಕದಿಂದ ಬದಲಿಸಿಕೊಳ್ಳಬಹುದು. ತಾನು ಕಟ್ಟಿದ್ದನ್ನು ಮುಂದಿನವರು ಬದಲಿಸಲೆಂದು ತಾನೇ ಅನುಮತಿ ಬರೆದಿಟ್ಟ ಸ್ಥಾಪಕರು ಧರ್ಮದ ಚರಿತ್ರೆಯಲ್ಲಿ ಅಪರೂಪ. ಮುಂದೆ ಗೋಡೆ ಕಟ್ಟಿದವರೂ ಕೆಡವಿದವರೂ ಇದೇ ಮಾತಿನ ಆಸರೆ ಪಡೆದರು.

1537ರಲ್ಲಿ ಕೂಟ ಏಂಜೆಲಾಳನ್ನು ಜೀವಾವಧಿ ಮುಖ್ಯಸ್ಥೆಯಾಗಿ ಆರಿಸಿತು. 1540ರ ಜನವರಿ 27ರಂದು ಆಕೆ ತೀರಿಕೊಂಡಾಗ ಸದಸ್ಯೆಯರು ಸುಮಾರು 150. ಪೋಪ್ ಮೂರನೆಯ ಪೌಲ್ 1544ರಲ್ಲಿ ಕೂಟಕ್ಕೆ ಮಾನ್ಯತೆ ಕೊಟ್ಟರು. ಇಷ್ಟರಲ್ಲೇ ಒಳಜಗಳವೂ ಹುಟ್ಟಿತ್ತು. ಎಲ್ಲರೂ ಗುರುತಿಗಾಗಿ ಸೊಂಟಕ್ಕೆ ತೊಗಲಿನ ಪಟ್ಟಿ ಕಟ್ಟಬೇಕೆಂದು ಏಂಜೆಲಾಳ ಉತ್ತರಾಧಿಕಾರಿ ಲುಕ್ರೆಸಿಯಾ ಲೊದ್ರೋನೆಯ ಪಕ್ಷ, ಅಂಥ ಹೊರಗುರುತು ಏಂಜೆಲಾಳ ಆಶಯಕ್ಕೆ ವಿರುದ್ಧವೆಂದು ಇನ್ನೊಂದು ಪಕ್ಷ. ನೋಡಲು ಒಂದು ಪಟ್ಟಿಯ ಜಗಳ, ಒಳಗೆ ಇದ್ದದ್ದು ಕೂಟದ ಸ್ವರೂಪದ ಪ್ರಶ್ನೆ: ನಾವು ಊರಿನ ಸಾಮಾನ್ಯ ಹೆಣ್ಣುಗಳೋ, ಪ್ರತ್ಯೇಕ ಸನ್ಯಾಸಿನಿಯರೋ? ಏಂಜೆಲಾಳಿಗೆ ಸಂತಪದವಿ ಸಿಕ್ಕಿದ್ದು ಬಹಳ ತಡವಾಗಿ, 1807ರಲ್ಲಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಏಂಜೆಲಾ ಶಾಲೆ ತೆರೆದಳೆಂದು ಅನೇಕ ಕಿರುಹೊತ್ತಗೆಗಳು ಬರೆಯುತ್ತವೆ. ಆಕೆಯ ನಿಯಮದಲ್ಲಿ ಶಾಲೆಯ ಮಾತೇ ಇಲ್ಲ. ಆಕೆಯ ಅನಂತರ ಕೂಟದವರು ಭಾನುವಾರಗಳಲ್ಲಿ ಚರ್ಚುಗಳಲ್ಲಿ ನಡೆಯುತ್ತಿದ್ದ ಜ್ಞಾನೋಪದೇಶದ ತರಗತಿಗಳಲ್ಲಿ ಹುಡುಗಿಯರಿಗೆ ಪಾಠ ಹೇಳತೊಡಗಿದರು. ಬೋಧನೆಯ ಬೀಜ ಅದು.

ಗೋಡೆ ಎದ್ದ ಬಗೆ

ಲೂಥರನ ಸುಧಾರಣೆಗೆ ಉತ್ತರವಾಗಿ ಸೇರಿದ ಟ್ರೆಂಟ್ ಮಹಾಸಭೆ 1563ರಲ್ಲಿ ತನ್ನ ಕೊನೆಯ ಅಧಿವೇಶನದಲ್ಲಿ ಸನ್ಯಾಸಿನಿಯರ ಮಠಗಳಿಗೆ ಕಟ್ಟುನಿಟ್ಟಾದ ಗಡಿ ವಿಧಿಸಿತು. 1566ರಲ್ಲಿ ಪೋಪ್ ಐದನೆಯ ಪಿಯುಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಭೀರ ವ್ರತ, ಎಂದರೆ ಮತ್ತೆ ಬಿಡಲಾಗದ ಬಹಿರಂಗ ವ್ರತ, ತೊಟ್ಟ ಸ್ತ್ರೀಯರೆಲ್ಲ ಮಠದ ಗೋಡೆಯೊಳಗೇ ಇರಬೇಕೆಂದು ಆಜ್ಞೆ ಹೊರಡಿಸಿದರು. ಗಂಡು ಸನ್ಯಾಸಿಗಳಿಗೆ, ಅದರಲ್ಲೂ ಜೆಸುಯಿಟರಿಗೆ, ಲೋಕವೆಲ್ಲ ತೆರೆದಿತ್ತು. ಹೆಂಗಸರಿಗೆ ಬಾಗಿಲು ಮುಚ್ಚಿತು.

ಉರ್ಸುಲೈನರು ಗಂಭೀರ ವ್ರತ ತೊಟ್ಟವರಲ್ಲವಾದ್ದರಿಂದ ಕೆಲಕಾಲ ಈ ಆಜ್ಞೆಯ ಹೊರಗೆ ಉಳಿದರು. ಮಿಲಾನಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮೆಯೊ ಇವರನ್ನು ತನ್ನ ಊರಿಗೆ ಕರೆಸಿಕೊಂಡು ಜ್ಞಾನೋಪದೇಶದ ಕೆಲಸಕ್ಕೆ ಹಚ್ಚಿದ. ಆದರೆ ವಿಧವೆಯರ ಯಜಮಾನಿಕೆಯ ಜಾಗಕ್ಕೆ ಬಿಷಪ್ಪನ ಅಧಿಕಾರ ಬಂತು. ಹಲವರು ಒಂದೇ ಸೂರಿನಡಿ ಸೇರಿ ಬಾಳುವ ಪದ್ಧತಿ ಬೆಳೆಯಿತು. ಈ ಮಿಲಾನಿನ ಮಾದರಿಯೇ ಆಲ್ಪ್ಸ್ ದಾಟಿ ಫ್ರಾನ್ಸಿಗೆ ಹೋಯಿತು. 1590ರ ದಶಕದಲ್ಲಿ ಅವಿನ್ಯೋನ್ ಸೀಮೆಯಲ್ಲಿ ಫ್ರಾನ್ಸ್ವಾಸ್ ದ ಬೆರ್ಮೋಂಡ್ ಎಂಬ ಯುವತಿ ಗೆಳತಿಯರನ್ನು ಕೂಡಿಸಿಕೊಂಡು ಮಕ್ಕಳಿಗೆ ಧರ್ಮಪಾಠ ಹೇಳತೊಡಗಿದಳು.

ಪ್ಯಾರಿಸಿನಲ್ಲಿ ಕಥೆ ತಿರುವು ಪಡೆಯಿತು. ಅಲ್ಲಿನ ಭಕ್ತಮಂಡಲಿಯ ಮುಂದಾಳು ಬಾರ್ಬ್ ಅಕಾರಿಯ ಪ್ರೇರಣೆ, ಮದಾಂ ದ ಸೇಂತ್-ಬವ್ ಎಂಬ ಶ್ರೀಮಂತ ವಿಧವೆಯ ಹಣ ಎರಡೂ ಸೇರಿ ಸೇಂ-ಜಾಕ್ ಬೀದಿಯಲ್ಲಿ ಉರ್ಸುಲೈನರ ಮನೆ ಎದ್ದಿತು. ತಾಯಿತಂದೆಯರಿಗೆ ಗೋಡೆ ಬೇಕಿತ್ತು. ವ್ರತ ಗಂಭೀರವಲ್ಲದಿದ್ದರೆ ಮಗಳು ನಾಳೆ ಮಠ ಬಿಟ್ಟು ಬಂದು ಆಸ್ತಿಯ ಪಾಲು ಕೇಳಬಹುದೆಂಬ ಭಯ ಅವರದು. ಪೋಪ್ ಐದನೆಯ ಪೌಲ್ 1612ರ ಆಜ್ಞೆಯಲ್ಲಿ ಈ ಮನೆಯನ್ನು ಪೂರ್ಣ ಮಠವಾಗಿ ಮಾಡಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಜೊತೆಗೆ ಹೆಣ್ಣುಮಕ್ಕಳಿಗೆ ಪಾಠ ಹೇಳುವ ನಾಲ್ಕನೆಯ ವ್ರತವೂ ಸೇರಿತು. ಗೋಡೆಯನ್ನು ಒಪ್ಪಿಕೊಂಡು ಅದರೊಳಗೆ ಶಾಲೆಯನ್ನು ಉಳಿಸಿಕೊಂಡ ಜಾಣ್ಮೆಯ ಒಪ್ಪಂದ ಇದು. ಹೊರಗೆ ಹೋಗುವ ಹಾದಿ ಮುಚ್ಚಿದ ಕಾಲದಲ್ಲಿ ಅವರು ಮಕ್ಕಳನ್ನು ಒಳಗೆ ಕರೆದುಕೊಂಡರು.

ಇದೇ ಕಾಲದಲ್ಲಿ ಬೇರೆ ದಾರಿ ಹಿಡಿಯಲು ಹೋದವರಿಗೆ ಏನಾಯಿತೆಂದು ನೋಡಿದರೆ ಈ ಒಪ್ಪಂದದ ಬೆಲೆ ತಿಳಿಯುತ್ತದೆ. ಇಂಗ್ಲೆಂಡಿನ ಮೇರಿ ವಾರ್ಡ್ ಜೆಸುಯಿಟರಂತೆಯೇ ಗೋಡೆಯಿಲ್ಲದೆ ದುಡಿಯುವ ಸ್ತ್ರೀಸಂಘ ಕಟ್ಟಿದಳು. 1631ರಲ್ಲಿ ರೋಮು ಆ ಸಂಘವನ್ನು ರದ್ದು ಮಾಡಿತು, ಆಕೆಯನ್ನು ಮ್ಯೂನಿಕ್ಕಿನ ಮಠವೊಂದರಲ್ಲಿ ಸೆರೆಯಿಟ್ಟಿತು. ಆಕೆಯ ಬಳಗ ಹೇಗೋ ಉಳಿದು, ಅದರ ಐರಿಷ್ ಶಾಖೆಯಾದ ಲೊರೆಟೊ ಸಿಸ್ಟರುಗಳು 1841ರಲ್ಲಿ ಕಲ್ಕತ್ತಾಕ್ಕೆ ಬಂದರು. ದೋಲ್ ನಗರದ ಆನ್ ದ ಸೇಂಕ್ತೋಂಜ್ ಮಾತ್ರ 1606ರಲ್ಲೇ ಗೋಡೆಯಿಲ್ಲದ ಉರ್ಸುಲೈನ್ ಸಂಘವನ್ನು ಕಟ್ಟಿ ಅದನ್ನು ಹಾಗೆಯೇ ಉಳಿಸಿಕೊಂಡಳು. ಫ್ರಾನ್ಸಿನ ಉಳಿದ ಊರುಗಳಲ್ಲಿ ಬೋರ್ಡೊ, ಲಿಯೋಂ, ತುಲೂಸ್, ದಿಜೋಂ ಎಂದು ಒಂದರ ಹಿಂದೆ ಒಂದು ಮನೆ ಮಠವಾಯಿತು. ಮಹಾಕ್ರಾಂತಿಯ ಹೊತ್ತಿಗೆ ಫ್ರಾನ್ಸ್ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಉರ್ಸುಲೈನ್ ಮಠಗಳಿದ್ದವು.

ಮಠದೊಳಗಿನ ತರಗತಿ

ಹದಿನೇಳನೆಯ ಶತಮಾನದ ಉರ್ಸುಲೈನ್ ಮಠದಲ್ಲಿ ಸಾಮಾನ್ಯವಾಗಿ ಎರಡು ಶಾಲೆ. ಮಠದೊಳಗೇ ಉಂಡು ಮಲಗುವ, ಶುಲ್ಕ ಕೊಡುವ ಮನೆತನದ ಹುಡುಗಿಯರದು ಒಂದು. ಊರಿನಿಂದ ದಿನವೂ ಬಂದು ಹೋಗುವ ಬಡ ಹುಡುಗಿಯರ ಉಚಿತ ಶಾಲೆ ಇನ್ನೊಂದು. ಮೊದಲನೆಯದರ ಹಣ ಎರಡನೆಯದಕ್ಕೆ ನೆರವಾಗುತ್ತಿತ್ತು. ಎರಡೂ ಬೆರೆಯುತ್ತಿರಲಿಲ್ಲ.

ದಿನದ ಶಾಲೆಯ ಕೋಣೆಗೆ ಎರಡು ಕಡೆ ಬಾಗಿಲು: ಬೀದಿಯ ಕಡೆಗೊಂದು, ಮಠದ ಕಡೆಗೊಂದು. ಮಕ್ಕಳು ಬೀದಿಯಿಂದ ಬಂದು ಆ ಬಾಗಿಲು ಮುಚ್ಚಿದ ಮೇಲೆ ಸಿಸ್ಟರುಗಳು ಒಳಗಿನಿಂದ ಬರಬೇಕು. ಮಠದ ಕಟ್ಟಳೆ ಮುರಿಯದೆ ಊರಿನ ಮಕ್ಕಳನ್ನು ಮುಟ್ಟುವ ಉಪಾಯ ಇದು. ತರಗತಿಯೊಳಗೆ ಮಕ್ಕಳನ್ನು ಸುಮಾರು ಹತ್ತರ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೂ ಒಬ್ಬ ಹಿರಿಯ ವಿದ್ಯಾರ್ಥಿನಿಯನ್ನು ನೇಮಿಸುತ್ತಿದ್ದರು. ಪುಸ್ತಕ ಹಂಚುವುದು, ತಡವಾಗಿ ಬಂದವರನ್ನು ಗುರುತಿಸುವುದು, ಪಾಠ ಒಪ್ಪಿಸಿಕೊಳ್ಳುವುದು ಆಕೆಯ ಕೆಲಸ. ಒಬ್ಬೊಬ್ಬ ಮಗುವೂ ಉಪಾಧ್ಯಾಯರ ಬಳಿಗೆ ಹೋಗಿ ತನ್ನ ಸಾಲು ಓದಿ ಬರುವ ಹಳೆಯ ಪದ್ಧತಿಗೆ ಬದಲು ಗುಂಪು ಗುಂಪಾಗಿ ಒಟ್ಟಿಗೆ ಓದಿಸುವ ಕ್ರಮ ಇಲ್ಲಿ ರೂಢಿಗೆ ಬಂತು. ಇಂದು ನಮಗೆ ತರಗತಿ ಎಂದರೆ ಕಣ್ಣಿಗೆ ಬರುವ ಚಿತ್ರದ ಒಂದು ಮೂಲ ಈ ಕೋಣೆಗಳಲ್ಲಿದೆ.

ಕಲಿಸುತ್ತಿದ್ದದ್ದು ಮೊದಲು ಪ್ರಾರ್ಥನೆ ಮತ್ತು ಜ್ಞಾನೋಪದೇಶ, ಅನಂತರ ಓದು. ಓದು ಲ್ಯಾಟಿನ್ ಪ್ರಾರ್ಥನೆಗಳಿಂದ ಶುರುವಾಗಿ ಫ್ರೆಂಚಿಗೆ ಬರುತ್ತಿತ್ತು. ಆಮೇಲೆ ಬರಹ, ಹೊಲಿಗೆ, ಕಸೂತಿ. ಲೆಕ್ಕವನ್ನು ಜೆಟನ್ ಎಂಬ ಲೋಹದ ಬಿಲ್ಲೆಗಳನ್ನು ಸಾಲಾಗಿ ಇಟ್ಟು ಸರಿಸುತ್ತ ಕಲಿಸುತ್ತಿದ್ದರು, ಮುಂದುವರಿದವರಿಗೆ ಲೇಖನಿಯಿಂದ. ಗುರಿ ಪಂಡಿತೆಯರನ್ನು ತಯಾರಿಸುವುದಲ್ಲ. ಮನೆವಾರ್ತೆ ಬಲ್ಲ, ಮಕ್ಕಳಿಗೆ ಧರ್ಮ ಕಲಿಸಬಲ್ಲ ತಾಯಂದಿರನ್ನು ತಯಾರಿಸುವುದು. ಗುರಿ ಎಷ್ಟೇ ಕಿರಿದಾಗಿದ್ದರೂ, ಓದು ಬಂದ ಹುಡುಗಿ ಏನನ್ನು ಓದಬೇಕೆಂದು ಮಠ ಕೊನೆಯವರೆಗೆ ನಿಗದಿ ಮಾಡಲಾಗದು.

ಮಠದೊಳಗೂ ಮೇಲು ಕೆಳಗು ಇತ್ತು. ಇಡುಗಂಟು ತಂದು ಪ್ರಾರ್ಥನಾಗಾಯನಕ್ಕೂ ಪಾಠಕ್ಕೂ ಹಕ್ಕು ಪಡೆದವರು ಒಂದು ಸಾಲು. ಅಡುಗೆ, ಒಗೆತ, ತೋಟಗಳಿಗೆ ಸೇರಿದ ಬಡಮನೆಯ ಸೋದರಿಯರು ಇನ್ನೊಂದು ಸಾಲು. ಮನೆಗೆಲಸದ ಹುಡುಗಿಯರಿಗಾಗಿಯೇ ಹುಟ್ಟಿದ ಕೂಟದ ಹೆಸರಿನಲ್ಲಿ ಈ ಭೇದ ಬೇರೂರಿದ್ದು ನೋವಿನ ಸಂಗತಿ. ಇದು ಪೂರ್ಣವಾಗಿ ಹೋಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಕ್ವಿಬೆಕ್: ಮರೀ ದ ಲಿಂಕಾರ್ನಾಸ್ಯೋಂ

ಈ ಚರಿತ್ರೆಯ ಅತ್ಯಂತ ದೊಡ್ಡ ವ್ಯಕ್ತಿತ್ವ, ಮಠದಲ್ಲಿ ಮರೀ ದ ಲಿಂಕಾರ್ನಾಸ್ಯೋಂ ಎನಿಸಿದ ಮರೀ ಗುಯಾರ್ಳದು. 1599ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಹುಟ್ಟಿದವಳು. ರೇಷ್ಮೆ ಕಸುಬಿನವನನ್ನು ಮದುವೆಯಾಗಿ ಹತ್ತೊಂಬತ್ತಕ್ಕೇ ವಿಧವೆಯಾದಳು, ಕೈಯಲ್ಲಿ ಎಳೆ ಮಗು. ಗಂಡನ ಸಾಲ ತೀರಿಸಿ, ಬಂಧುವಿನ ಸಾಗಣೆ ವ್ಯಾಪಾರವನ್ನು ನಿಭಾಯಿಸಿ, 1631ರಲ್ಲಿ ಹನ್ನೊಂದು ವರ್ಷದ ಮಗ ಕ್ಲೋದನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಉರ್ಸುಲೈನ್ ಮಠ ಸೇರಿದಳು. ಹುಡುಗ ಗೆಳೆಯರನ್ನು ಕಟ್ಟಿಕೊಂಡು ಮಠದ ಬಾಗಿಲಿಗೆ ಬಂದು ತನ್ನ ತಾಯಿಯನ್ನು ಕೊಡಿರೆಂದು ಕೂಗಿದ. ಆ ಕೂಗು ತನ್ನನ್ನು ಹೇಗೆ ಸೀಳಿತೆಂದು ಮರೀ ತಾನೇ ಬರೆದಿದ್ದಾಳೆ. ಅದೇ ಮಗ ಮುಂದೆ ಬೆನೆಡಿಕ್ಟಿನ್ ಸನ್ಯಾಸಿಯಾಗಿ, ತಾಯಿಯ ಆತ್ಮಕಥನವನ್ನೂ ಪತ್ರಗಳನ್ನೂ ಆಕೆಯ ಮರಣಾನಂತರ ಅಚ್ಚು ಹಾಕಿಸಿದ. ಇವತ್ತು ಆಕೆ ನಮಗೆ ತಿಳಿದಿರುವುದು ಬಹುಪಾಲು ಅವನಿಂದ.

1639ರ ಮೇ 4ರಂದು ಮರೀ, ಇನ್ನಿಬ್ಬರು ಉರ್ಸುಲೈನರು, ಮೂವರು ಆಸ್ಪತ್ರೆಯ ಸಿಸ್ಟರುಗಳು ಮತ್ತು ಹಣ ಕೊಟ್ಟ ಮದಾಂ ದ ಲಾ ಪೆಲ್ತ್ರಿ ದಿಯೆಪ್ ಬಂದರಿನಿಂದ ಹಡಗು ಹತ್ತಿದರು. ಆಗಸ್ಟ್ 1ರಂದು ಕ್ವಿಬೆಕ್ ಮುಟ್ಟಿದರು. ಆಗ ಅದು ಕೆಲವು ನೂರು ಜನರ ವಸಾಹತು. ನದಿಯ ದಂಡೆಯ ಎರಡು ಕೋಣೆಯ ಗುಡಿಸಲೇ ಮಠ, ಶಾಲೆ ಎರಡೂ. ಬಂದ ಕೆಲವೇ ದಿನಗಳಲ್ಲಿ ಮೂಲನಿವಾಸಿ ಮಕ್ಕಳಿಗೆ ಸಿಡುಬು ತಗಲಿತು, ಶಾಲೆ ಆಸ್ಪತ್ರೆಯಾಯಿತು. ಮಕ್ಕಳ ಮೈಗೆ ಚಳಿ ತಡೆಯಲು ಸವರಿದ ಕೊಬ್ಬನ್ನು ತೊಳೆಯುವುದೇ ಮೊದಲ ಪಾಠ. ಅಡುಗೆಯ ಪಾತ್ರೆಯಲ್ಲಿ ದಿನವೂ ಕೂದಲು, ಇದ್ದಿಲು, ಒಮ್ಮೊಮ್ಮೆ ಹಳೆಯ ಪಾದರಕ್ಷೆಯೂ ಸಿಗುತ್ತಿತ್ತು, ಯಾರೂ ಅದಕ್ಕೆ ಮುಖ ಸಿಂಡರಿಸಲಿಲ್ಲ ಎಂದು ಆ ದಿನಗಳ ಬರಹ ಹೇಳುತ್ತದೆ. ಬಾಗಿಲಿಗೆ ಬಂದ ಯಾವ ಮೂಲನಿವಾಸಿ ಅತಿಥಿಗೂ ಊಟ ಕೊಡದೆ ಕಳಿಸುತ್ತಿರಲಿಲ್ಲ. ಜೋಳದ ಹಿಟ್ಟಿನ ಸಗಮಿತೆ ಎಂಬ ಅಂಬಲಿ ಸದಾ ಬೇಯುತ್ತಿತ್ತು.

ನಲವತ್ತರ ಹರೆಯದಲ್ಲಿ ಮರೀ ಅಲ್ಗೊಂಕಿನ್, ಮೊಂತಾನ್ಯೆ, ಹ್ಯೂರನ್, ಇರೊಕ್ವಾ ಭಾಷೆಗಳನ್ನು ಕಲಿಯಲು ಕುಳಿತಳು. ಮಠದ ಗೋಡೆ ದಾಟದೆಯೇ ಈ ಭಾಷೆಗಳ ನಿಘಂಟುಗಳನ್ನೂ ಪ್ರಾರ್ಥನಾ ಪುಸ್ತಕಗಳನ್ನೂ ರಚಿಸಿ ಎಳೆಯ ಸಿಸ್ಟರುಗಳಿಗೆ ಕಲಿಸಿದಳು. 1642ರಲ್ಲಿ ಕಟ್ಟಿದ ಕಲ್ಲಿನ ಮಠ 1650ರ ಡಿಸೆಂಬರ್ ಕೊನೆಯ ರಾತ್ರಿಯೊಂದರಲ್ಲಿ ಸುಟ್ಟುಹೋಯಿತು. ಎಲ್ಲರೂ ಹಿಮದ ಮೇಲೆ ನಿಂತರು. ಆಕೆ ಸಾಲ ಎತ್ತಿ, ತಾನೇ ಮೇಸ್ತ್ರಿಗಳ ಕೆಲಸ ನೋಡಿಕೊಂಡು ಅದನ್ನು ಮತ್ತೆ ಎಬ್ಬಿಸಿದಳು.

ಮೂಲನಿವಾಸಿ ಹುಡುಗಿಯರನ್ನು ಫ್ರೆಂಚರನ್ನಾಗಿ ಮಾಡಬೇಕೆಂಬುದು ರಾಜಾಜ್ಞೆ. ಅದು ನಡೆಯಲಿಲ್ಲ, ನಡೆಯಲಿಲ್ಲವೆಂದು ಒಪ್ಪಿದವಳೂ ಮರೀಯೇ. 1668ರ ಪತ್ರವೊಂದರಲ್ಲಿ, ನೂರು ಹುಡುಗಿಯರಲ್ಲಿ ಒಬ್ಬಳನ್ನು ಹಾಗೆ ಬದಲಿಸಿದ್ದರೆ ಹೆಚ್ಚು ಎನ್ನುತ್ತಾಳೆ. ಎಣಿಸದ ಹೊತ್ತಿಗೆ ಅವರು ಅಳಿಲುಗಳಂತೆ ಎತ್ತರದ ಗೂಟದ ಬೇಲಿ ಹತ್ತಿ ಕಾಡಿಗೆ ಓಡುತ್ತಾರೆ; ಕೆಲವರು ಮಂಕಾಗಿ ಕಾಯಿಲೆ ಬೀಳುತ್ತಾರೆ, ತಾಯಿತಂದೆಯರು ಬಂದು ಕರೆದೊಯ್ಯುತ್ತಾರೆ ಎಂದೂ ಬರೆಯುತ್ತಾಳೆ. ಗೋಡೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವ ದಾಖಲೆ ಆ ಶತಮಾನದಲ್ಲಿ ಸಿಗುವುದು ಕಷ್ಟ. ಮೂಲನಿವಾಸಿ ಮಕ್ಕಳನ್ನು ತವರಿನಿಂದ ಕಿತ್ತು ವಸತಿಶಾಲೆಗಳಿಗೆ ಹಾಕಿದ ಮುಂದಿನ ಕೆನಡಾದ ಕಹಿ ಚರಿತ್ರೆ ತಿಳಿದವರಿಗೆ ಈ ಸಾಲುಗಳು ಎಚ್ಚರಿಕೆಯ ಹಾಗೆ ಕೇಳುತ್ತವೆ. ಕಾಲಕ್ರಮದಲ್ಲಿ ಶಾಲೆ ಮುಖ್ಯವಾಗಿ ವಸಾಹತಿನ ಫ್ರೆಂಚ್ ಹುಡುಗಿಯರದಾಯಿತು. ಮರೀ 1672ರಲ್ಲಿ ತೀರಿಕೊಂಡಳು. 2014ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು.

ನ್ಯೂ ಓರ್ಲಿಯನ್ಸ್

1727ರ ಫೆಬ್ರುವರಿಯಲ್ಲಿ ಮದರ್ ಮರೀ ತ್ರಾಂಶಪೇನ್ ನೇತೃತ್ವದಲ್ಲಿ ಹನ್ನೆರಡು ಉರ್ಸುಲೈನರು ಫ್ರಾನ್ಸಿನಿಂದ ಲೂಯಿಸಿಯಾನಾಕ್ಕೆ ಹೊರಟರು. ಪಯಣಕ್ಕೆ ಐದು ತಿಂಗಳಿಗೂ ಹೆಚ್ಚು ಹಿಡಿಯಿತು. ಮರೀ-ಮದ್ಲೇನ್ ಹಶಾರ್ ಎಂಬ ಎಳೆಯ ಸಿಸ್ಟರ್ ತಂದೆಗೆ ಬರೆದ ಪತ್ರಗಳು ಮರುವರ್ಷವೇ ರೂಆನ್ ನಗರದಲ್ಲಿ ಅಚ್ಚಾಗಿ, ಆ ವಸಾಹತಿನ ಮೊದಲ ದಿನಗಳ ಅಮೂಲ್ಯ ದಾಖಲೆಯಾಗಿ ಉಳಿದಿವೆ. ವಸಾಹತನ್ನು ನಡೆಸುತ್ತಿದ್ದ ಫ್ರೆಂಚ್ ಕಂಪನಿ ಇವರನ್ನು ಕರೆಸಿಕೊಂಡದ್ದು ಆಸ್ಪತ್ರೆ ನೋಡಿಕೊಳ್ಳಲೆಂದು; ಇವರ ಒಲವು ಶಾಲೆಯ ಕಡೆಗೆ. ಎರಡನ್ನೂ ಮಾಡಿದರು. ಫ್ರೆಂಚ್ ಹುಡುಗಿಯರು, ಮೂಲನಿವಾಸಿ ಹುಡುಗಿಯರು, ಆಫ್ರಿಕಾದಿಂದ ಗುಲಾಮರಾಗಿ ತಂದವರ ಹೆಣ್ಣುಮಕ್ಕಳು, 1729ರಲ್ಲಿ ನ್ಯಾಚೆಸ್ ಎಂಬ ಮೂಲನಿವಾಸಿಗಳು ನಡೆಸಿದ ದಾಳಿಯಲ್ಲಿ ಅನಾಥರಾದವರು, ಎಲ್ಲರೂ ಈ ಮಠಕ್ಕೆ ಬಂದವರೇ.

ಇದೇ ಮಠ ಗುಲಾಮರ ಒಡೆತನವನ್ನೂ ಹೊಂದಿತ್ತು. ಕಪ್ಪು ಹುಡುಗಿಯರಿಗೆ ಜ್ಞಾನೋಪದೇಶ ಹೇಳುವ ಕೈಗಳ ಖರ್ಚು ನಡೆದದ್ದು ಕಪ್ಪು ಜನರ ದುಡಿಮೆಯಿಂದ. ಈ ಎರಡನ್ನೂ ಜೊತೆಗಿಟ್ಟೇ ಆ ಶಾಲೆಯ ಚರಿತ್ರೆಯನ್ನು ಓದಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸತ್ಯಕ್ಕೆ ಸಲ್ಲದು.

1803ರಲ್ಲಿ ಲೂಯಿಸಿಯಾನಾ ಅಮೆರಿಕದ ಕೈಗೆ ಬಂದಾಗ ತಮ್ಮ ಆಸ್ತಿ ಹೋದೀತೆಂದು ಹೆದರಿ ಹಲವು ಸಿಸ್ಟರುಗಳು ಹವಾನಾಕ್ಕೆ ಹೋದರು. ಉಳಿದವರು ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಪತ್ರ ಬರೆದರು. ಸಂವಿಧಾನ ನಿಮ್ಮ ಆಸ್ತಿಯನ್ನೂ ನಿಮ್ಮ ನಿಯಮದಂತೆ ನಡೆಯುವ ಹಕ್ಕನ್ನೂ ಕಾಯುತ್ತದೆ ಎಂಬ ಭರವಸೆಯ ಉತ್ತರ 1804ರಲ್ಲಿ ಬಂತು. ಆ ಶಾಲೆ ಈಗಲೂ ನಡೆಯುತ್ತಿದೆ; ಅಮೆರಿಕದಲ್ಲಿ ಎಡೆಬಿಡದೆ ನಡೆದುಬಂದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಇದೇ ಹಳೆಯದು. ಉತ್ತರದ ಬೋಸ್ಟನ್ ಸೀಮೆಯಲ್ಲಿ ಅಂಥ ಭರವಸೆ ಫಲಿಸಲಿಲ್ಲ. ಚಾರ್ಲ್ಸ್‌ಟೌನ್‌ನ ಉರ್ಸುಲೈನ್ ಶಾಲೆಗೆ ಪ್ರೊಟೆಸ್ಟೆಂಟ್ ಮನೆಗಳ ಹುಡುಗಿಯರೇ ಹೆಚ್ಚು ಬರುತ್ತಿದ್ದರು. ಆದರೂ ಮಠದೊಳಗೆ ಹೆಣ್ಣನ್ನು ಕೂಡಿಹಾಕಿದ್ದಾರೆಂಬ ಗಾಳಿಸುದ್ದಿಯಿಂದ ಕೆರಳಿದ ಗುಂಪು 1834ರ ಆಗಸ್ಟ್ 11ರ ರಾತ್ರಿ ಅದನ್ನು ಸುಟ್ಟು ಬೂದಿ ಮಾಡಿತು.

ಕ್ರಾಂತಿ ಮತ್ತು ಪುನರುಜ್ಜೀವನ

ಫ್ರೆಂಚ್ ಮಹಾಕ್ರಾಂತಿ ಮಠಗಳನ್ನು ಮುಚ್ಚಿಸಿತು, 1792ರ ಹೊತ್ತಿಗೆ ಉರ್ಸುಲೈನರು ಬೀದಿಗೆ ಬಿದ್ದರು. ವಾಲಾಂಸಿಯೆನ್ ನಗರದವರು ಗಡಿಯಾಚೆ ಮೋನ್ಸ್‌ಗೆ ಹೋಗಿದ್ದರು. 1793ರಲ್ಲಿ ಆಸ್ಟ್ರಿಯನ್ ಸೈನ್ಯ ವಾಲಾಂಸಿಯೆನ್ ಹಿಡಿದಾಗ ಹಿಂದಿರುಗಿ ಶಾಲೆ ತೆರೆದರು. ಮರುವರ್ಷ ಫ್ರೆಂಚರು ಊರನ್ನು ಮತ್ತೆ ಗೆದ್ದರು. ದೇಶ ಬಿಟ್ಟುಹೋಗಿ ಶತ್ರುವಿನ ಆಸರೆಯಲ್ಲಿ ಮರಳಿದ ಅಪರಾಧಕ್ಕಾಗಿ 1794ರ ಅಕ್ಟೋಬರಿನಲ್ಲಿ ಹನ್ನೊಂದು ಮಂದಿಯ ತಲೆ ಕಡಿಯಲಾಯಿತು. ಅದೇ ವರ್ಷ ಜುಲೈಯಲ್ಲಿ ದಕ್ಷಿಣದ ಒರಾಂಜ್ ಪಟ್ಟಣದಲ್ಲಿ ಗಿಲೊಟಿನ್‌ಗೆ ಕೊರಳೊಡ್ಡಿದ 32 ಸನ್ಯಾಸಿನಿಯರಲ್ಲಿ ಹದಿನಾರು ಮಂದಿ ಉರ್ಸುಲೈನರು.

ಹತ್ತೊಂಬತ್ತನೆಯ ಶತಮಾನದಲ್ಲಿ ಬದುಕುಳಿದ ಮುದುಕಿಯರು ಹೊಸಬರನ್ನು ಕೂಡಿಸಿಕೊಂಡು ಅಲ್ಲಲ್ಲಿ ಮಠಗಳನ್ನು ಎಬ್ಬಿಸಿದರು. ಬೆಲ್ಜಿಯಮ್ಮಿನ ಟಿಲ್ಡೊಂಕ್ ಎಂಬ ಹಳ್ಳಿಯಲ್ಲಿ 1818ರಲ್ಲಿ ಲಾಂಬರ್ಟ್ಸ್ ಎಂಬ ಪಾದ್ರಿ ಬಡ ಹುಡುಗಿಯರಿಗಾಗಿ ಆರಂಭಿಸಿದ ಶಾಲೆಯಿಂದ ದೊಡ್ಡ ಶಾಖೆಯೊಂದು ಬೆಳೆಯಿತು. 1856ರಲ್ಲಿ ನೆದರ್ಲೆಂಡ್ಸಿನವರು ಜಾವಾದ ಬಟಾವಿಯಾಕ್ಕೆ ಹೋದರು. ಇಂದಿನ ಜಕಾರ್ತಾದ ಹೆಸರುವಾಸಿ ಸಂತ ಉರ್ಸುಲಾ ಶಾಲೆಯ ಬೇರು ಅಲ್ಲಿದೆ. ಪ್ರಶ್ಯದಲ್ಲಿ ಬಿಸ್ಮಾರ್ಕ್ 1875ರಲ್ಲಿ, ಫ್ರಾನ್ಸಿನಲ್ಲಿ ಗಣರಾಜ್ಯ 1904ರಲ್ಲಿ ಬೋಧಕ ಸಂಘಗಳನ್ನು ಹೊರಗಟ್ಟಿದ ಕಾನೂನುಗಳು ಇವರನ್ನು ಮತ್ತೆ ದೇಶಾಂತರಕ್ಕೆ ಅಟ್ಟಿದವು. ಅಟ್ಟಿದಷ್ಟೂ ಹರಡಿದರು.

1900ರಲ್ಲಿ ಪೋಪ್ ಹದಿಮೂರನೆಯ ಲಿಯೋರ ಕರೆಯ ಮೇರೆಗೆ ರೋಮಿನಲ್ಲಿ ಸೇರಿದ ಪ್ರತಿನಿಧಿಗಳು ಹಲವಾರು ಸ್ವತಂತ್ರ ಮಠಗಳನ್ನು ಒಂದೇ ಆಡಳಿತಕ್ಕೆ ತಂದು ರೋಮನ್ ಯೂನಿಯನ್ ಕಟ್ಟಿದರು. ಎಲ್ಲ ಮಠಗಳೂ ಸೇರಲಿಲ್ಲ. ಕಟ್ಟುನಿಟ್ಟಿನ ಗೋಡೆ ಸಡಿಲವಾದದ್ದರಿಂದ ಸಿಸ್ಟರುಗಳು ಹೊರಗೆ ಹೋಗಿ ಓದಿ ಪದವಿ ಪಡೆಯುವುದು, ದೂರ ದೇಶಕ್ಕೆ ವರ್ಗವಾಗುವುದು ಸುಲಭವಾಯಿತು. ನ್ಯೂಯಾರ್ಕ್ ರಾಜ್ಯದ ಮೊದಲ ಕ್ಯಾಥೊಲಿಕ್ ಮಹಿಳಾ ಕಾಲೇಜನ್ನು ನ್ಯೂ ರೊಶೆಲ್‌ನಲ್ಲಿ 1904ರಲ್ಲಿ ತೆರೆದವರು ಉರ್ಸುಲೈನರೇ. ಅದು 2019ರಲ್ಲಿ ಮುಚ್ಚಿತು. ಬ್ಯಾಂಕಾಕಿನಲ್ಲಿ 1928ರಲ್ಲಿ ತೆರೆದ ಮಾತೆರ್ ದೇಯಿ ಶಾಲೆಯಲ್ಲಿ ಮುಂದೆ ಥಾಯ್ಲೆಂಡಿನ ರಾಜರಾದ ಭೂಮಿಬಲ ಬಾಲ್ಯದಲ್ಲಿ ಅಕ್ಷರ ಕಲಿತರು. ಪೋಲೆಂಡಿನ ಉರ್ಸುಲಾ ಲೆಡೊಕೋವ್‌ಸ್ಕಾ 1920ರಲ್ಲಿ ಕಾರ್ಮಿಕ ಬಡಾವಣೆಗಳ ನಡುವೆ ದುಡಿಯುವ ಪ್ರತ್ಯೇಕ ಉರ್ಸುಲೈನ್ ಸಂಘವನ್ನು ಕಟ್ಟಿದಳು. ಆಕೆಗೆ 2003ರಲ್ಲಿ ಸಂತಪದವಿ ದೊರೆಯಿತು.

ಇದೆಲ್ಲದರ ಮಗ್ಗುಲಲ್ಲೇ ಏಂಜೆಲಾಳ ಮೂಲ ಮಾದರಿಯೂ ಮರುಹುಟ್ಟು ಪಡೆಯಿತು. 1866ರಲ್ಲಿ ಬ್ರೆಶಿಯಾದ ಗಿರೆಲ್ಲಿ ಅಕ್ಕತಂಗಿಯರು, ಮನೆಯಲ್ಲೇ ಇದ್ದು ವ್ರತ ಪಾಲಿಸುವ ಹಳೆಯ ಕೂಟವನ್ನು ಅದೇ ಊರಿನಲ್ಲಿ ಮತ್ತೆ ಆರಂಭಿಸಿದರು. ಅದು ಇಂದಿಗೂ ಬೇರೆ ಬೇರೆ ದೇಶಗಳಲ್ಲಿದೆ.

ಭಾರತದಲ್ಲಿ

ಮಂಗಳೂರು ಧರ್ಮಪ್ರಾಂತಕ್ಕೆ 1878ರ ಕೊನೆಯಲ್ಲಿ ಜೆಸುಯಿಟರು ಬಂದರು. ಹೆಣ್ಣುಮಕ್ಕಳ ಶಾಲೆಗಾಗಿ ಫ್ರಾನ್ಸಿನಿಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲೇ ಬಂದಿದ್ದರು. ಮುಂದೆ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದವರು ಅವರು. ಆದರೆ ಮಠದ ಶಾಲೆಗೆ ಬಾರದ ಹೆಂಗಸರೂ ಮಕ್ಕಳೂ ಊರ ತುಂಬ ಇದ್ದರು. ಜರ್ಮನ್ ಜೆಸುಯಿಟ್ ಗುರು ಅರ್ಬನ್ ಸ್ಟೈನ್ 1887ರಲ್ಲಿ ಸ್ಥಳೀಯ ಯುವತಿಯರನ್ನು ಕೂಡಿಸಿ ಸಂತ ಉರ್ಸುಲಾಳ ಹೆಸರಿನ ಕೂಟವೊಂದನ್ನು ಆರಂಭಿಸಿದರು. ಯುರೋಪಿನ ಯಾವ ಮಠದ ಶಾಖೆಯೂ ಇದಲ್ಲ. ಸದಸ್ಯೆಯರು ತಂತಮ್ಮ ಮನೆಗಳಲ್ಲೇ ಇದ್ದು ಜ್ಞಾನೋಪದೇಶ ಮತ್ತು ಸೇವೆಗೆ ಹೊರಡುತ್ತಿದ್ದರು. ಏಂಜೆಲಾ ಬ್ರೆಶಿಯಾದಲ್ಲಿ ಕಟ್ಟಿದ್ದಕ್ಕೆ ಪ್ಯಾರಿಸಿನ ಭವ್ಯ ಮಠಗಳಿಗಿಂತ ಈ ಕರಾವಳಿಯ ಕೂಟವೇ ಹತ್ತಿರವೆಂದು ಧಾರಾಳವಾಗಿ ಹೇಳಬಹುದು. ಕ್ರಮೇಣ ಅವರು ಒಂದೆಡೆ ಸೇರಿ ಬಾಳತೊಡಗಿದರು, ಸಂತ ಫ್ರಾನ್ಸಿಸನ ನಿಯಮವನ್ನು ಸ್ವೀಕರಿಸಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಿಸ್ಟರುಗಳೆನಿಸಿದರು. ಏಂಜೆಲಾ ಸ್ವತಃ ಫ್ರಾನ್ಸಿಸನ ಮೂರನೆಯ ಸಭೆಯವಳಾಗಿದ್ದುದರಿಂದ ಈ ಜೋಡಣೆ ಸಹಜವೇ ಆಯಿತು. ಸಂಘದ ಕೇಂದ್ರ ಮಂಗಳೂರಿನ ದಕ್ಷಿಣಕ್ಕಿರುವ ಸೋಮೇಶ್ವರದಲ್ಲಿದೆ. ಶಾಲೆ, ಆರೋಗ್ಯಸೇವೆ, ಸಮಾಜಸೇವೆಗಳು ಇದರ ಕಾರ್ಯಕ್ಷೇತ್ರ.

ಉತ್ತರದ ಕಥೆ ಬೇರೆ. ಬೆಲ್ಜಿಯನ್ ಜೆಸುಯಿಟ್ ಕಾನ್‌ಸ್ಟಂಟ್ ಲಿವೆನ್ಸ್, ಜಮೀನ್ದಾರರ ಕೈಯಲ್ಲಿ ಭೂಮಿ ಕಳೆದುಕೊಳ್ಳುತ್ತಿದ್ದ ಛೋಟಾನಾಗಪುರದ ಮುಂಡಾ, ಉರಾಂವ್ ಜನರ ಪರವಾಗಿ ಕೋರ್ಟಿನಲ್ಲಿ ನಿಂತು ಕಟ್ಟಿದ ಮಿಷನ್ನಿಗೆ 1903ರಲ್ಲಿ ಟಿಲ್ಡೊಂಕಿನ ಉರ್ಸುಲೈನರು ಬಂದು ರಾಂಚಿಯಲ್ಲಿ ನೆಲೆಸಿದರು. ಆದಿವಾಸಿ ಹುಡುಗಿಯರಿಗೆ ಶಾಲೆ, ವಸತಿನಿಲಯ, ಮುಂದೆ ಶಿಕ್ಷಕಿಯರ ತರಬೇತಿ ಎಂದು ಕೆಲಸ ಬೆಳೆಯಿತು. ಅಲ್ಲಿ ಓದಿದ ಹುಡುಗಿಯರು ಹಳ್ಳಿಗೆ ಮರಳಿ ತಾವೇ ಶಿಕ್ಷಕಿಯರಾದರು, ದಾದಿಯರಾದರು, ಹಲವರು ಸಿಸ್ಟರುಗಳಾಗಿ ಅದೇ ಶಾಲೆಗಳನ್ನು ನಡೆಸತೊಡಗಿದರು.

ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಹೊಸಬರು ಬರುವುದು ಬಹುಮಟ್ಟಿಗೆ ನಿಂತಿದೆ. ಕ್ವಿಬೆಕ್ಕಿನ ಹಳೆಯ ಮಠವನ್ನು ವಯಸ್ಸಾದ ಸಿಸ್ಟರುಗಳು 2018ರಲ್ಲಿ ಬಿಟ್ಟುಹೊರಟರು. ಶಾಲೆ ಮಾತ್ರ ಅಲ್ಲೇ ಮುಂದುವರಿಯಿತು. ಉರ್ಸುಲೈನ್ ಹೆಸರಿನ ಸಂಘಗಳಿಗೆ ಇಂದು ಹೊಸ ಸದಸ್ಯೆಯರು ಸಿಗುತ್ತಿರುವುದು ಹೆಚ್ಚಾಗಿ ಇಂಡೊನೇಷ್ಯಾ, ಭಾರತ ಮತ್ತು ಆಫ್ರಿಕಾದ ಊರುಗಳಿಂದ.